ಒಂದನೇ ಚಿಪ್ಪು

ಇದನ್ನು ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಮಗಳ ಮದುವೆ ಮುಗಿಯಲಿ ಅಂದೆ. ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದೆ. ತೆಗೆಸಿಕೊಂಡು ಆರು ವರ್ಷವಾಯಿತು. ಕೊನೆಗೆ ಪೆನ್ನು ಸರಿಯಿಲ್ಲ ಅಂದೆ. ಮೊನ್ನೆ ಮೊಮ್ಮಗಳು ಒಂದು ಡಜನ್ ಪೆನ್ನು ತಂದು ಮೇಜಿನ ಮೇಲಿಟ್ಟು, "ಈಗೇನು ಹೇಳ್ತೀಯಾ ತಾತ?" ಅಂದಳು. ನಾನು ಬರೆಯಬೇಕಾದದ್ದು ತಪ್ಪೊಪ್ಪಿಗೆ ಅಂತ ಅವಳಿಗೆ ಗೊತ್ತಿಲ್ಲ. ಹಳೆಯ ಕಾಲದ ತಮಾಷೆ ಅಂದುಕೊಂಡಿದ್ದಾಳೆ. ಅದೂ ಪೂರ್ತಿ ಸುಳ್ಳಲ್ಲ. ಇದರಲ್ಲಿ ನಗು ಬಹಳ ಇದೆ. ತಪ್ಪಾದದ್ದೂ ಆ ನಗುವಿನಿಂದಲೇ.

ನಾನು ದಂಡಿನಶಿವರದ ಕಡೆಯವನು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದೆ. ತುರ್ತು ಪರಿಸ್ಥಿತಿ ಮುಗಿದ ಆಸುಪಾಸಿನಲ್ಲಿ ತಿಪಟೂರಿನ ಒಬ್ಬ ಡಾಕ್ಟರ ಷಾಪಿಗೆ ಕಾಂಪೌಂಡರ್ ಆಗಿ ಸೇರಿಕೊಂಡೆ. ಆಸ್ಪತ್ರೆ ಅಂದರೆ ಸರ್ಕಾರದ್ದು. ಡಾಕ್ಟರು ತಾವೇ ಮನೆ ಬಾಡಿಗೆಗೆ ಹಿಡಿದು ಕೂತರೆ ಅದನ್ನು ಷಾಪು ಅನ್ನುತ್ತಿದ್ದೆವು. ನಮ್ಮದು ಕೊಬ್ಬರಿ ಮಂಡಿಗಳ ಹಿಂದಿನ ಬೀದಿ. ಕಿಟಕಿ ತೆಗೆದರೆ ಸ್ಪಿರಿಟ್ ವಾಸನೆ ಹೊರಗೆ ಹೋಗಿ ಕೊಬ್ಬರಿ ವಾಸನೆ ಒಳಗೆ ಬರುತ್ತಿತ್ತು. ಸೂಜಿ ಕುದಿಸುವುದು, ಕೆಂಪು ಮಿಕ್ಸ್ಚರ್ ಕಲಸಿ ಸೀಸೆಗೆ ತುಂಬುವುದು, ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕು ಅಂತ ತಿಳಿಯಲು ಕಾಗದವನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಯ ಹೊಟ್ಟೆಗೆ ಅಂಟಿಸುವುದು, ಇದು ನನ್ನ ಕೆಲಸ.

ಡಾಕ್ಟರಿಗೆ ಆಗ ನಲವತ್ತೈದು ಇರಬಹುದು. ದೊಡ್ಡ ಡಿಗ್ರಿ ಮಾಡಿದವರು ತುಮಕೂರು ದಾಟಿ ಈಚೆಗೆ ಬಾರದ ಕಾಲದಲ್ಲಿ ನಮ್ಮ ಸೀಮೆಗೆ ಬಂದು ಕೂತ ಮೊದಲಿಗರು. ನಮ್ಮ ಬೀದಿಗೆ ಮೈಕ್ರೋಸ್ಕೋಪು ಬಂದದ್ದು ಅವರ ಜೊತೆಯಲ್ಲೇ. ಆದರೆ ಜನ ಮಾತಾಡಿಕೊಳ್ಳುತ್ತಿದ್ದದ್ದು ಮೈಕ್ರೋಸ್ಕೋಪಿನ ವಿಚಾರವಲ್ಲ, ಅವರ ಬರಿಗಣ್ಣಿನ ವಿಚಾರ. ರೋಗಿ ಒಳಗೆ ಬಂದು ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಅವನ ಅರ್ಧ ಜಾತಕ ಹೇಳಿಬಿಡುತ್ತಿದ್ದರು.

ಒಂದು ದಿನ ಒಬ್ಬ ರೈತರು ಕೆಮ್ಮುತ್ತಾ ಬಂದರು.

"ಬನ್ನಿ ಯಜಮಾನ್ರೇ. ಬೆಳಗ್ಗೆ ಎದ್ದು ಕಾಯಿ ಸುಲಿದು, ಹೊನ್ನವಳ್ಳಿಯಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದ್ರಾ?"

ಯಜಮಾನರು ಕೆಮ್ಮುವುದನ್ನೇ ಮರೆತರು. "ಅಯ್ಯೋ, ನಿಮಗ್ಯಾರು ಹೇಳಿದ್ರು ಸ್ವಾಮಿ?"

"ಮುಂಗೈ ಕೂದಲಲ್ಲಿ ನಾರಿನ ಪುಡಿ ಇದೆ. ಅಂಗೈಯಲ್ಲಿ ಬಸ್ಸಿನ ಸರಳು ಹಿಡಿದ ಗೆರೆ ಇನ್ನೂ ಕೆಂಪಗಿದೆ. ಸೀಟು ಸಿಕ್ಕಿದ್ರೆ ಅದು ಇರ್ತಿರಲಿಲ್ಲ."

"ಹೊನ್ನವಳ್ಳಿ ಅಂತ ಹೆಂಗೆ ತಿಳೀತು?"

"ಜೇಬಲ್ಲಿ ಟಿಕೆಟ್ ಇಣುಕ್ತಾ ಇದೆಯಲ್ರೀ. ಗುಲಾಬಿ ಟಿಕೆಟ್ಟು ಹೊನ್ನವಳ್ಳಿ ಬಸ್ಸಿಂದೇ."

ಯಜಮಾನರು ಟಿಕೆಟ್ಟನ್ನು ಒಳಕ್ಕೆ ತಳ್ಳಿ, ಇನ್ನೇನು ಇಣುಕುತ್ತಿದೆಯೋ ಅಂತ ಪಂಚೆ ಸರಿಮಾಡಿಕೊಂಡರು.

ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ಟಕಟಕ ತಟ್ಟಿ ಕೇಳುವುದನ್ನು ನಮ್ಮ ಜನ ಮೊದಲು ಕಂಡದ್ದು ಅವರಲ್ಲೇ. ಒಬ್ಬ ಮುದುಕಿ ಗಾಬರಿಯಾದಾಗ ಡಾಕ್ಟರು, "ಹೆದರಬೇಡವ್ವ. ಕೊಬ್ಬರಿ ಆಗ್ಲಿ ಅಂತ ಅಟ್ಟದ ಮೇಲಿಟ್ಟ ಕಾಯಿನ ಕಿವಿ ಹತ್ರ ಅಲ್ಲಾಡಿಸಿ ಒಳಗೆ ನೀರು ಇಂಗಿದೆಯೋ ಇಲ್ವೋ ಅಂತ ನೋಡ್ತೀರಲ್ಲ, ಇದೂ ಅಷ್ಟೇ" ಅಂದರು. ಮುದುಕಿ, "ಹಂಗಾರೆ ತಟ್ಟಿಯೇ ನೋಡಪ್ಪ, ಅಲ್ಲಾಡಿಸ್ಬೇಡ" ಅಂದಳು.

ಬಾಗಿಲ ಬಳಿ ಗೋಣಿಚೀಲ ಹಾಸಿಕೊಂಡು ಆಯಮ್ಮ ಕೂರುತ್ತಿದ್ದಳು. ಗುಡಿಸುವುದು, ರೋಗಿಗಳನ್ನು ಸರದಿಯಲ್ಲಿ ಒಳಗೆ ಬಿಡುವುದು ಅವಳ ಕೆಲಸ. ಅರವತ್ತರ ಹತ್ತಿರ ವಯಸ್ಸು. ಮೊದಲು ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದಳಂತೆ. ಉಂಡೆ ಕೊಬ್ಬರಿಯನ್ನು ಅಂಗೈಯಲ್ಲಿ ಒಂದು ಸಲ ತಿರುಗಿಸಿ, ಒಳಗೆ ಬೂಸ್ಟು ಹಿಡಿದಿದೆಯೋ ಇಲ್ಲವೋ ಒಡೆಯದೆ ಹೇಳುತ್ತಿದ್ದಳಂತೆ. ಮೊಣಕಾಲು ನೋವು ಶುರುವಾದ ಮೇಲೆ ಆ ಕೆಲಸ ಬಿಟ್ಟು ಡಾಕ್ಟರ ಹತ್ತಿರ ಬಂದವಳು. ಊರಿಗೆಲ್ಲಾ ಅವಳು ಆಯಮ್ಮನೇ.

ಸರದಿಗೆ ಡಾಕ್ಟರು ಮೊದಲು ರಟ್ಟಿನ ಚೀಟಿ ಮಾಡಿಸಿದ್ದರು. ಅರ್ಧ ಜನ ಅದನ್ನೇ ಔಷಧಿ ಚೀಟಿ ಅಂದುಕೊಂಡು ಮನೆಗೆ ಒಯ್ದರು. ಆಗ ಆಯಮ್ಮ ತೆಂಗಿನ ಚಿಪ್ಪನ್ನು ಸಣ್ಣ ಬಿಲ್ಲೆಗಳಾಗಿ ಒಡೆಸಿ, ಅಂಚು ಉಜ್ಜಿ, ಕಾದ ಮೊಳೆಯಿಂದ ಅವುಗಳ ಮೇಲೆ ನನ್ನ ಕೈಲಿ ಅಂಕಿ ಬರೆಸಿದಳು. "ಚಿಪ್ಪನ್ನ ಯಾರು ಹೊತ್ಕೊಂಡೋಗ್ತಾರೆ ಕಣಪ್ಪ? ಅವರವರ ತಿಪ್ಪೇಲೇ ಬೇಕಾದಷ್ಟು ಬಿದ್ದೈತೆ" ಅಂದಳು. ಒಂದೂ ಕಳೆಯಲಿಲ್ಲ.

ಅದರಲ್ಲಿ ಒಂದು ಕಟ್ಟಳೆ ಇತ್ತು. ಎಲ್ಲರಿಗಿಂತ ಮೊದಲು ಬಂದವರಿಗೆ ಸಿಗುತ್ತಿದ್ದದ್ದು ಎರಡನೇ ಚಿಪ್ಪು. ಒಂದನೇ ಚಿಪ್ಪು ಸದಾ ಆಯಮ್ಮನ ಮಡಿಲಲ್ಲಿ. ಕಾಯಲಾರದ ರೋಗಿ ಯಾರಾದರೂ ಬಂದರೆ ಅದು ಅವರಿಗೆ. ಅದನ್ನು ಹಿಡಿದವರು ಸೀದಾ ಒಳಗೆ ಹೋಗಬೇಕು; ಒಳಗಿದ್ದವರು, ಎಂಥಾ ದೊಡ್ಡ ಮನುಷ್ಯರಾಗಲಿ, ಎದ್ದು ಈಚೆ ಬರಬೇಕು. ಯಾರಿಗೆ ಕೊಡುವುದು ಎಂಬುದು ಆಯಮ್ಮನ ತೀರ್ಮಾನ. ಡಾಕ್ಟರು ಅದರಲ್ಲಿ ಕೈ ಹಾಕುತ್ತಿರಲಿಲ್ಲ.

ಒಂದು ಸಲ ಬೆಂಚಿನ ತುಂಬಾ ಮಕ್ಕಳು ಕಿರುಚಿಕೊಂಡು ಅಳುತ್ತಿದ್ದವು. ಆಯಮ್ಮ ಒಂದನೇ ಚಿಪ್ಪನ್ನು ಮೂಲೆಯಲ್ಲಿದ್ದ ಒಬ್ಬ ತಾಯಿಗೆ ಕೊಟ್ಟಳು. ಬೇರೆ ತಾಯಂದಿರು ಜಗಳಕ್ಕೆ ಬಂದರು. "ಆ ಮಗ ಸುಮ್ನೆ ಮಲಗೈತಲ್ಲ, ಅದಕ್ಕೇನಾಗೈತೆ?"

"ಅಳೋ ಮಕ್ಕಳಿಗೆ ಏನೂ ಆಗಕ್ಕಿಲ್ಲ ಕಣ್ರವ್ವ. ಅಳದೆ ಸುಮ್ನೈತಲ್ಲ, ಅದು ಹೋಗಲಿ."

ಆ ಮಗುವಿನ ಮೈಯಲ್ಲಿ ನೀರಿನ ಪಸೆಯೇ ಉಳಿದಿರಲಿಲ್ಲ. ಬೇಗ ಒಳಗೆ ಹೋದದ್ದರಿಂದ ಮಗು ಬದುಕಿ ಉಳಿಯಿತು. ಆಮೇಲೆ ಒಂದನೇ ಚಿಪ್ಪಿನ ವಿಚಾರದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಜನ ಅವಳ ಮಾತು ನಂಬುತ್ತಿದ್ದರು. ಅವಳಿಗೆ ಇದ್ದದ್ದು ಅದೊಂದೇ ಆಸ್ತಿ.

ಡಾಕ್ಟರಿಗೂ ಆಯಮ್ಮನಿಗೂ ದಿನಾ ಪಂದ್ಯ. ರೋಗಿ ಗೇಟು ದಾಟಿ ಮೆಟ್ಟಿಲು ಹತ್ತುವುದರೊಳಗೆ ಅವಳು ನನ್ನ ಕಿವಿಯಲ್ಲಿ ಹೇಳಬೇಕು. ಡಾಕ್ಟರು ಒಳಗೆ ತಮ್ಮದನ್ನು ಹೇಳುತ್ತಾರೆ. ಮಧ್ಯಾಹ್ನ ನಾನು ಪಂಚನಾಗಿ ತೀರ್ಪು ಕೊಡಬೇಕು. ಸೋತವರು ಗೆದ್ದವರಿಗೆ ಎದುರು ಹೋಟೆಲಿನಿಂದ ಕಾಫಿ ತರಿಸಬೇಕು. ಕೈ, ಉಗುರು, ನಾಲಿಗೆ ನೋಡಿ ಹೇಳುವುದರಲ್ಲಿ ಡಾಕ್ಟರನ್ನು ಮೀರಿಸಿದವರಿಲ್ಲ. ನಡಿಗೆಯಲ್ಲಿ ಆಯಮ್ಮನನ್ನು ಮೀರಿಸಿದವರಿಲ್ಲ.

ಚಿಕ್ಕನಾಯಕನಹಳ್ಳಿ ಕಡೆಯಿಂದ ಒಬ್ಬ ಮುದುಕರು ಬಂದದ್ದು ನೆನಪಿದೆ. ಆಯಮ್ಮ ಮೂಗು ಅರಳಿಸಿ, "ಕಂಬಳಿ ನೇಯೋರು. ಕಂಬಳಿಗೆ ಹಾಕೋ ಹುಣಸೆಬೀಜದ ಗಂಜಿ ವಾಸ್ನೆ ಬತ್ತಾ ಐತೆ. ಬಲಗಾಲು ನೋವು" ಅಂದಳು. ಒಳಗೆ ಡಾಕ್ಟರು ಹುಬ್ಬಿನಲ್ಲಿದ್ದ ಉಣ್ಣೆಯ ಎಳೆ ನೋಡಿ, "ಕಂಬಳಿ ಮಗ್ಗದೋರು. ಎಡಭುಜ ನೋವು" ಅಂದರು. ಮುದುಕರು ಡಾಕ್ಟರ ಮುಖವನ್ನೇ ನೋಡಿ, "ನಾನು ಬಂದಿದ್ದು ಹಲ್ಲುನೋವಿಗೆ ಸ್ವಾಮಿ" ಅಂದರು. ಆವತ್ತು ಕಾಫಿ ಕುಡಿದವನು ನಾನು. ಅವರಿಬ್ಬರೂ ನೆನೆಸಿಕೊಂಡು ನೆನೆಸಿಕೊಂಡು ನಕ್ಕರು.

ಇನ್ನೊಂದು ದಿನ ಒಬ್ಬ ಮೇಷ್ಟರು ಬಂದು, ಸುಸ್ತು ಅಂದರು. ಡಾಕ್ಟರು ಮೂತ್ರ ಪರೀಕ್ಷೆ ಮಾಡು ಅಂದರು. ಆಗ ಅದನ್ನು ಒಂದು ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಸಕ್ಕರೆ ಇದ್ದರೆ ನೀಲಿ ಹೋಗಿ ಇಟ್ಟಿಗೆ ಬಣ್ಣ ಬರುತ್ತದೆ. ನಾನು ದೀಪ ಹಚ್ಚುತ್ತಿದ್ದೆ. ಆಯಮ್ಮ ಕಿಟಕಿಯಿಂದ ತಲೆ ಹಾಕಿದಳು.

"ಸುಮ್ನೆ ಸ್ಪಿರಿಟ್ ಯಾಕೆ ಸುಡ್ತೀಯ ಕಾಂಪೌಂಡ್ರಪ್ಪ? ಮೇಷ್ಟ್ರು ಹಿತ್ತಿಲಿಗೆ ಹೋಗಿದ್ರಲ್ಲ, ಅಲ್ಲಿ ಇರುವೆ ಜಾತ್ರೆ ಸೇರೈತೆ ನೋಡೋಗು."

ಹೋಗಿ ನೋಡಿದೆ. ಸಾಲು ಕಟ್ಟಿದ್ದವು. ಒಳಗೆ ಬಂದು ಕಾಯಿಸಿದೆ. ಇಟ್ಟಿಗೆ ಬಣ್ಣ. ಡಾಕ್ಟರು ಚಪ್ಪಾಳೆ ತಟ್ಟಿ, "ನನ್ನ ಲ್ಯಾಬಿಗಿಂತ ನಿನ್ನ ಇರುವೆ ಮುಂದೆ ಕಣಮ್ಮ" ಅಂತ ತಾವೇ ಹೋಗಿ ಕಾಫಿ ತಂದರು. ಅಷ್ಟು ಸಂತೋಷದ ಕೆಲಸ ಮತ್ತೆಲ್ಲೂ ನಾನು ಮಾಡಲಿಲ್ಲ.

ಇಷ್ಟಕ್ಕೇ ಇದ್ದಿದ್ದರೆ ಚೆನ್ನಾಗಿತ್ತು. ಮದುವೆ ಕರೆಯೋಲೆ ಅಚ್ಚು ಹಾಕುವ ಪ್ರೆಸ್ಸಿನವರೊಬ್ಬರು ವಾರಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತಿದ್ದರು. ಔಷಧಿ ಚೀಟಿಯ ಮೇಲಿನ ನನ್ನ ಕೈಬರಹ ನೋಡಿ, "ಏನಾದ್ರೂ ಪತ್ತೇದಾರಿ ಬರ್ಕೊಡಿ, ಜನ ಓದ್ತಾರೆ" ಅಂದರು. ನನಗೆ ಪತ್ತೇದಾರನನ್ನು ಹುಡುಕಬೇಕಾಗಿರಲಿಲ್ಲ. ಪರದೆಯ ಆಚೆಗೇ ಕೂತಿದ್ದರು. ಡಾಕ್ಟರ ಹೆಸರು ಬದಲಿಸಿ, ಸ್ಟೆತಾಸ್ಕೋಪಿನ ಜೊತೆಗೆ ಕೈಗೆ ಒಂದು ಬೆತ್ತ ಕೊಟ್ಟು, ಅಟ್ಟದಿಂದ ಕೊಬ್ಬರಿ ಕದ್ದವರನ್ನು ಹಿಡಿಯಲು ಕಳಿಸಿದೆ. ನಾರಿನ ಪುಡಿ, ಬಸ್ ಟಿಕೆಟ್ಟು ಎಲ್ಲಾ ಬಂತು. ಇರುವೆಯೂ ಬಂತು, ಆದರೆ ಇರುವೆ ಕಂಡವರು ಪತ್ತೇದಾರ ಡಾಕ್ಟರು. ಅಳದ ಮಗುವನ್ನು ಗುರುತಿಸಿದವರೂ ಅವರೇ.

ಓದುವವರಿಗೆ ನಗಲು ಏನಾದರೂ ಬೇಕಲ್ಲ. ಅದಕ್ಕೆ ಬಾಗಿಲಲ್ಲಿ ಒಬ್ಬ ಮುದುಕಿಯನ್ನು ಕೂರಿಸಿದೆ. ಕಣ್ಣು ಅರಳಿಸಿಕೊಂಡು ಎಲ್ಲರನ್ನೂ ನೋಡುತ್ತಾಳೆ, ಹೇಳುವುದೆಲ್ಲಾ ತಪ್ಪು. ಒಂದು ವಾರ ಅವಳು ಎತ್ತು ಗಬ್ಬವಾಗಿದೆ ಅಂತ ಹೇಳಿ ಬಾಣಂತನದ ಔಷಧಿ ತಯಾರು ಮಾಡುತ್ತಾಳೆ. ಅವಳಿಗೆ ಗೂಬಜ್ಜಿ ಅಂತ ಹೆಸರಿಟ್ಟೆ.

ಊರು ಬಿದ್ದು ಬಿದ್ದು ನಕ್ಕಿತು. ಡಾಕ್ಟರಿಗೆ ಒಂದು ವಾರದ್ದನ್ನು ನಾನೇ ಓದಿ ಹೇಳಿದೆ. ಅವರು ನಗಲಿಲ್ಲ. "ನನ್ನದಲ್ಲದ್ದನ್ನೂ ನನಗೇ ಕಟ್ಟಿದ್ದೀಯಲ್ಲಯ್ಯ. ಆ ಗೂಬಜ್ಜಿನ ತೆಗೆದು ಹಾಕು" ಅಂದರು. ಮುಂದಿನ ವಾರ ತೆಗೆಯುತ್ತೇನೆ ಅಂದೆ. ಪ್ರೆಸ್ಸಿನವರು, ಗೂಬಜ್ಜಿ ಇಲ್ಲದಿದ್ದರೆ ಪತ್ರಿಕೆ ಯಾರೂ ಕೊಳ್ಳಲ್ಲ ಅಂದರು. ತೆಗೆಯಲಿಲ್ಲ. ಆಯಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಸ್ಕೂಲು ಮಕ್ಕಳು ಬೀದಿಯಲ್ಲಿ ಗೂಬಜ್ಜೀ ಅಂತ ಕೂಗಿಕೊಂಡು ಓಡುವಾಗ ಓದು ಯಾಕೆ ಬೇಕು? ಅವಳು ಮಾತ್ರ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಪಂದ್ಯ ನಿಧಾನಕ್ಕೆ ನಿಂತುಹೋಯಿತು.

ಕಾರ್ತಿಕದ ಒಂದು ಬೆಳಗ್ಗೆ, ಒಳ್ಳೆ ಚಳಿ, ಮಂಡಿಯ ಸಾಹುಕಾರರೊಬ್ಬರು ಷಾಪಿಗೆ ನಡೆದುಕೊಂಡು ಬಂದರು. ದಪ್ಪ ಆಳು, ಮಹಾ ತಮಾಷೆಗಾರ. ಗೇಟಿನ ಹತ್ತಿರ ನಿಂತು ಬಗ್ಗಿ ಚಪ್ಪಲಿ ನೋಡಿಕೊಂಡರು. ಮೆಟ್ಟಿಲ ಹತ್ತಿರ ಮತ್ತೆ ನಿಂತು ಚಪ್ಪಲಿ ನೋಡಿಕೊಂಡರು. "ಸ್ವಲ್ಪ ಗ್ಯಾಸು, ಇನ್ನೇನಿಲ್ಲ" ಅಂದರು. ಹಣೆಯಲ್ಲಿ ಬೆವರಿತ್ತು.

ಆಯಮ್ಮ ಒಂದನೇ ಚಿಪ್ಪು ಅವರ ಕೈಗಿಟ್ಟಳು. "ಸಾಹುಕಾರ್ರೇ, ನೀವು ಒಳಕ್ಕೋಗಿ."

ಬೆಂಚಿನಿಂದ ಯಾರೋ, "ಹೋಗಿ ಸಾಹುಕಾರ್ರೇ, ಗೂಬಜ್ಜಿ ಕಣ್ ಬುಟ್ಟವಳೆ!" ಅಂದರು. ಎಲ್ಲರೂ ನಕ್ಕರು. ಸಾಹುಕಾರರಿಗೂ ನಗು ಬಂತು. "ಏನಮ್ಮ ಗೂಬಜ್ಜಿ, ಎತ್ತಿನ ಬಾಣಂತನ ಮುಗೀತಾ? ನನಗೆಷ್ಟು ತಿಂಗಳು ಅಂತೀಯ?" ಅಂತ ಚಿಪ್ಪನ್ನು ಅವಳ ಮಡಿಲಿಗೆ ವಾಪಸ್ ಹಾಕಿ, ಹನ್ನೊಂದನೆಯದನ್ನು ತಾವೇ ಎತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತರು.

ಆಯಮ್ಮ ನನ್ನ ಕಡೆ ತಿರುಗಿದಳು. "ಕಾಂಪೌಂಡ್ರಪ್ಪ, ಇವರನ್ನ ಒಳಕ್ಕೆ ಕರ್ಕೊಂಡೋಗು. ಅವರು ನಿಂತಿದ್ದು ಚಪ್ಪಲಿಗಲ್ಲ."

ಅವರು ಎರಡು ಸಲ ನಿಂತದ್ದನ್ನು ನಾನೂ ನೋಡಿದ್ದೆ. ಅಷ್ಟು ವರ್ಷ ಆ ಇಬ್ಬರ ನಡುವೆ ಇದ್ದವನಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ? ಆದರೆ ಬೆಂಚು ನಗುತ್ತಿದ್ದದ್ದು ನಾನು ಬರೆದ ಮಾತಿಗೆ. ನಗುವವರ ಮುಂದೆ ಇನ್ನೂ ಒಂದು ಮಾತು ಹಾಕುವ ಆಸೆ ಹತ್ತಿಕ್ಕಲಾಗಲಿಲ್ಲ.

"ಸರದಿ ಬರಲಿ ಬುಡು ಆಯಮ್ಮ. ಪೇಪರ್ನಾಗೂ ಇದೇ ಗೋಳು, ಇಲ್ಲೂ ಇದೇನಾ?"

ಬೆಂಚು ಮತ್ತೆ ಗೊಳ್ಳೆಂದಿತು. ಆಯಮ್ಮ ಗೋಡೆ ಹಿಡಿದು, ಮೊಣಕಾಲು ಒತ್ತಿಕೊಂಡು ತಾನೇ ಡಾಕ್ಟರನ್ನು ಕರೆಯಲು ಎದ್ದಳು. ಅವಳು ಪರದೆ ಮುಟ್ಟುವಷ್ಟರಲ್ಲಿ ಸಾಹುಕಾರರು ಪಕ್ಕದವರ ಹೆಗಲ ಮೇಲೆ ಒರಗಿ, ಹಾಗೇ ಕೆಳಕ್ಕೆ ಜಾರಿದರು.

ಹೃದಯಾಘಾತವಾಗಿತ್ತು. ಡಾಕ್ಟರು ಓಡಿ ಬಂದರು. ನೆಲದ ಮೇಲೆಯೇ ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು. ಮಂಡಿಯವರ ಕಾರಿನಲ್ಲಿ ತಾವೇ ಪಕ್ಕದಲ್ಲಿ ಕೂತು ಬೆಂಗಳೂರಿಗೆ ಕರೆದುಕೊಂಡು ಹೋದರು. ಸಾಹುಕಾರರು ಬದುಕಿದರು. ಆಮೇಲೆ ಇಪ್ಪತ್ತು ವರ್ಷ ಬಾಳಿ, ಮೊಮ್ಮಕ್ಕಳ ಮದುವೆ ಮಾಡಿದರು.

ಮಾರನೇ ದಿನ ಸಂಜೆ ಡಾಕ್ಟರು ವಾಪಸ್ ಬಂದರು. ಷಾಪಿನಲ್ಲಿ ಇದ್ದದ್ದು ನಾವು ಮೂವರೇ. ಡಾಕ್ಟರು ಸಿಟ್ಟು ಮಾಡಲಿಲ್ಲ, ಮೆಲ್ಲಗೆ ಕೇಳಿದರು.

"ಆಯಮ್ಮ, ಸಾಹುಕಾರ್ರು ಸರದಿಗೆ ಅಂತ ಬೆಂಚಿನ ಮೇಲೆ ಕೂತಿದ್ರಲ್ಲ. ನಿನಗೆ ಕಾಣಲಿಲ್ವಾ?"

ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ಸೀಸೆ ತೊಳೆಯುತ್ತಿದ್ದೆ.

"ಕಾಣಲಿಲ್ಲ ಸ್ವಾಮಿ. ಕಣ್ಣು ಯಾಕೋ ಮಂಜಾಯ್ತಾ ಐತೆ."

ನಾನು ತೊಳೆದ ಸೀಸೆಯನ್ನೇ ಮತ್ತೆ ತೊಳೆದೆ. ಅವಳು ಹೇಳಿದ್ದನ್ನು ಸುಳ್ಳು ಅನ್ನಲು ಬೇರೆ ಯಾರೂ ಮುಂದೆ ಬರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲಾ ನಕ್ಕವರೇ. ನನ್ನ ಕೆಲಸ ಹೋಗದಿರಲಿ ಅಂತ ಹಾಗೆ ಹೇಳಿದಳೋ, ಜನ ತನ್ನನ್ನು ನಂಬಲಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಹೇಳಿದಳೋ, ಇವತ್ತಿಗೂ ತಿಳಿಯದು. ಒಂದು ವಾರಕ್ಕೆ ಅವಳು ಕೆಲಸ ಬಿಟ್ಟಳು. ಕಣ್ಣು ಕಾಣದವಳು ಬಾಗಿಲಲ್ಲಿ ಕೂತು ಏನು ಮಾಡಲಿ ಅಂದಳು. ಡಾಕ್ಟರು ಎಷ್ಟು ಹೇಳಿದರೂ ನಿಲ್ಲಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಹೋಟೆಲು ಇಟ್ಟಿದ್ದ ಮಗಳ ಮನೆಗೆ ಹೋದಳು. ನಾನು ಕತೆಯನ್ನು ಕೂಡಲೇ ನಿಲ್ಲಿಸಿದೆ ಅಂತ ಬರೆಯಲು ಆಸೆ. ಇಲ್ಲ, ಇನ್ನೂ ಎರಡು ವಾರ ಬರೆದು ಕಳ್ಳನನ್ನು ಹಿಡಿಸಿಯೇ ಬಿಟ್ಟೆ.

ಸಾಹುಕಾರರು ಚೇತರಿಸಿಕೊಂಡು ಬಂದ ಮೇಲೆ ಅವರ ಮಂಡಿಗೆ ಹೋಗಿ, ನನ್ನಿಂದ ತಪ್ಪಾಯಿತು ಅಂದೆ. ಅವರು ನಕ್ಕುಬಿಟ್ಟರು. "ಚಿಪ್ಪು ವಾಪಸ್ ಕೊಟ್ಟೋನು ನಾನು ಕಣಯ್ಯ, ನಿಂದೇನು? ಹೋದ ಸೋಮವಾರ ಹೋಗಿ ಆಯಮ್ಮನ ಕಾಲು ಹಿಡಿದು, ಸೀರೆ ಕೊಟ್ಟು ಬಂದೆ. ನೀನೂ ಹೋಗಿ ಬಾ, ಇಡ್ಲಿ ಭಾಳ ಚೆನ್ನಾಗೈತೆ" ಅಂದರು.

ನಾನು ಹೋಗಲಿಲ್ಲ. ನನಗೂ ಮದುವೆಯಾಯಿತು, ಮಗಳು ಹುಟ್ಟಿದಳು. ಆಯಮ್ಮ ಕೆಲಸ ಬಿಟ್ಟ ಎಂಟು ವರ್ಷದ ಮೇಲೆ ಡಾಕ್ಟರು ಷಾಪು ಮುಚ್ಚಿ ಮಗನ ಊರಿಗೆ ಹೊರಟಾಗ, ಪೆಟ್ಟಿಗೆ ಕಟ್ಟುತ್ತಾ ಎಲ್ಲವನ್ನೂ ಅವರಿಗೆ ಹೇಳಿದೆ.

"ಗೊತ್ತಿತ್ತು ಕಣಯ್ಯ" ಅಂದರು. "ಅವಳು ಮಂಜು ಅಂದ ಸಂಜೆಯೇ, ನೀನು ಹೋದ ಮೇಲೆ, ಟಾರ್ಚು ಹಾಕಿ ನೋಡಿದ್ದೆ. ಕಣ್ಣು ಹದ್ದಿನ ಹಂಗಿತ್ತು. ನೀನೇ ಹೇಳ್ತೀಯ ಅಂತ ಕಾದೆ. ಈಗ ನನಗೆ ಹೇಳಿ ಏನು ಬಂತು? ಕಿಬ್ಬನಹಳ್ಳಿಗೆ ಗಂಟೆಗೊಂದು ಬಸ್ಸಿದೆ."

ಮುಂದಿನ ಭಾನುವಾರ ಹೋದೆ. ಹೋಟೆಲಿನ ಮುಂದೆ ಸೋಗೆಯ ಚಪ್ಪರದ ಕೆಳಗೆ ಆಯಮ್ಮ ಕೂತಿದ್ದಳು. ಸುತ್ತ ನಾಲ್ಕು ಜನ ಡ್ರೈವರುಗಳು. ಪಂದ್ಯ ನಡೆಯುತ್ತಿತ್ತು.

"ಅಗೋ ಆ ಕೆಂಪು ಟವಲ್ಲಿನೋನು ಬಸ್ ಹತ್ತಕ್ಕಿಲ್ಲ ನೋಡ್ರಪ್ಪ. ಯಾರನ್ನೋ ಕರ್ಕೊಂಡೋಗಾಕೆ ಬಂದವ್ನೆ" ಅಂದಳು. ಬಸ್ಸು ಬಂತು. ಅವನು ಹತ್ತಲಿಲ್ಲ. ಬಸ್ಸಿನಿಂದ ಹೆಂಡತಿ ಮಕ್ಕಳು ಇಳಿದರು. ಒಬ್ಬ ಡ್ರೈವರು ಹಣೆ ಚಚ್ಚಿಕೊಂಡು, "ಇನ್ನೊಂದು ಕಾಫಿ ಕೊಡ್ರವ್ವ ಇವಳಿಗೆ, ನನ್ನ ಸಂಬಳವೆಲ್ಲಾ ಈ ಮುದುಕಿ ಹೊಟ್ಟೆಗೇ ಹೋಯ್ತು" ಅಂದ. ಚಪ್ಪರವೆಲ್ಲಾ ನಕ್ಕಿತು. ಆ ನಗುವಿನಲ್ಲಿ ಅವಳೂ ಇದ್ದಳು.

ನನ್ನನ್ನು ಕಂಡು ಮುಖ ಅರಳಿಸಿದಳು. "ಬಾರಪ್ಪ ಕಾಂಪೌಂಡ್ರಪ್ಪ! ಮದ್ವೆ ಆಗೈತೆ. ಮನೇಲಿ ಎತ್ಕೊಳ್ಳೋ ಮಗ ಐತೆ."

"ಯಾರು ಹೇಳಿದ್ರು ಆಯಮ್ಮ?"

"ಯಾರ್ ಹೇಳ್ಬೇಕು? ಹೆಗಲ ಮೇಲೆ ಕಾಡಿಗೆ ಮೆತ್ಕೊಂಡೈತೆ, ನೋಡ್ಕೋ."

ಇಡ್ಲಿ ಕೊಡಿಸಿದಳು. ಸಾಹುಕಾರರು ಹೇಳಿದ್ದು ನಿಜ, ಬಹಳ ಚೆನ್ನಾಗಿತ್ತು. ಮಗಳ ವಿಚಾರ, ಡಾಕ್ಟರ ವಿಚಾರ ಎಲ್ಲಾ ಕೇಳಿದಳು. ಹಲ್ಲುನೋವಿನ ಮುದುಕರನ್ನು ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ನನ್ನ ಲೋಟದ ಕಡೆ ನೋಡಿದಳು.

"ಕಾಫಿ ಆರೋಯ್ತು. ಮೂರು ಸಲ ಎತ್ತಿ ಮೂರು ಸಲ ಇಳಿಸ್ದೆ. ಏನೋ ಹೇಳಾಕೆ ಬಂದಿದ್ದೀಯ ಮಗ. ಹೇಳು."

ಡ್ರೈವರುಗಳು ಪಕ್ಕದಲ್ಲೇ ಇದ್ದರು. ತಿಪಟೂರಿನ ಬಸ್ಸು ಹಾರನ್ ಹೊಡೆಯುತ್ತಿತ್ತು.

"ಏನಿಲ್ಲ ಆಯಮ್ಮ. ಸುಮ್ನೆ ನೋಡ್ಕೊಂಡು ಹೋಗಣ ಅಂತ ಬಂದೆ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಹಂಗಾ? ಹಂಗಾರೆ ನಾನೇ ತಪ್ಪಾಗಿ ನೋಡಿರ್ಬೇಕು ಬುಡು" ಅಂತ ನಕ್ಕು, ಬೆನ್ನು ಸವರಿ ಬಸ್ಸಿಗೆ ಕಳಿಸಿದಳು.

ಮುಂದಿನ ತಿಂಗಳು ಹೋಗುತ್ತೇನೆ ಅಂದುಕೊಂಡೆ. ಮಳೆಗಾಲ ಕಳೆಯಲಿ ಅಂದುಕೊಂಡೆ. ಅಷ್ಟರಲ್ಲಿ ಅವಳು ತೀರಿಹೋದ ಸುದ್ದಿಯನ್ನು ಆ ಬಸ್ಸಿನ ಡ್ರೈವರೇ ಹೇಳಿದ.

ಸಾಹುಕಾರರಿಗೆ ತಪ್ಪಾಯಿತು ಅಂದೆ. ಡಾಕ್ಟರಿಗೆ ಅಂದೆ. ಹೆಂಡತಿಯ ಮುಂದೆ ಹೇಳಿಕೊಂಡೆ. ಹೇಳದೆ ಉಳಿದದ್ದು ಒಬ್ಬಳಿಗೆ ಮಾತ್ರ: ನಾನು ಗೂಬಜ್ಜಿ ಅಂತ ಬರೆದ ನಮ್ಮ ಆಯಮ್ಮನಿಗೆ.